ಸಂಘದ ಇ-ಮೇಲ್‌ಗೆ ಸ್ಪ್ಯಾಮ್ ಕಾಟ: ಸೋಸುವಾಗ ಕಾಳು ಕಳೆಯದಿರಲಿ

ವಿದ್ಯಾರ್ಥಿವೇತನದ ಅರ್ಜಿ, ವೈದ್ಯಕೀಯ ನೆರವಿನ ಕೋರಿಕೆ, ಮಹಾಸಭೆಯ ಸೂಚನೆ - ಹೀಗೆ ಸಂಘ-ಸಂಸ್ಥೆಗಳ ಎಷ್ಟೋ ವ್ಯವಹಾರ ಇಂದು ಇ-ಮೇಲ್ ಮೂಲಕವೇ ನಡೆಯುತ್ತದೆ. ಸ್ವಂತ ಮೇಲ್ ಸರ್ವರ್ ಇಟ್ಟುಕೊಂಡು ತಾವೇ ನೋಡಿಕೊಳ್ಳುವ ಸಂಸ್ಥೆಗಳಿಗೆ ಸ್ಪ್ಯಾಮ್, ಅಂದರೆ ಕರೆಯದೆ ಬರುವ ಕಸದ ಅಂಚೆ, ದೊಡ್ಡ ತಲೆನೋವು.

ಫಿಲ್ಟರ್ ಬಿಗಿಯಾದಷ್ಟೂ ಒಳ್ಳೆಯದು ಎಂಬ ಭಾವನೆ ಸಾಮಾನ್ಯ. ಆದರೆ ಹತ್ತು ಸ್ಪ್ಯಾಮ್ ಒಳಬಂದರೆ ಅಳಿಸಿಹಾಕಬಹುದು. ಬಡ ವಿದ್ಯಾರ್ಥಿಯೊಬ್ಬನ ಅರ್ಜಿ ಸದ್ದಿಲ್ಲದೆ ಮಾಯವಾದರೆ ಅವನಿಗೂ ತಿಳಿಯದು, ಸಂಘಕ್ಕೂ ತಿಳಿಯದು. ಆದ್ದರಿಂದ ಯಾವ ಪತ್ರವನ್ನೂ ಗುಟ್ಟಾಗಿ ನಾಶಪಡಿಸಬಾರದು ಎಂಬುದೇ ಮೊದಲ ನಿಯಮವಾಗಬೇಕು.

ಬಾಗಿಲಲ್ಲೇ ತಡೆ

ಸ್ಪ್ಯಾಮ್ ಕಳುಹಿಸುವ ಯಂತ್ರಗಳ ವಿಳಾಸಗಳನ್ನು ಸ್ಪ್ಯಾಮ್‌ಹೌಸ್‌ನಂತಹ ಸಂಸ್ಥೆಗಳು ಪಟ್ಟಿ ಮಾಡುತ್ತವೆ. ಪೋಸ್ಟ್‌ಫಿಕ್ಸ್‌ನಂತಹ ಸರ್ವರ್ ತಂತ್ರಾಂಶ ಈ ಪಟ್ಟಿ ನೋಡಿ, ಪತ್ರವನ್ನು ಸ್ವೀಕರಿಸುವ ಮೊದಲೇ ನಿರಾಕರಿಸಬಲ್ಲದು. ಹೀಗೆ ಬಾಗಿಲಲ್ಲೇ ನಿರಾಕರಿಸಿದರೆ, ಪ್ರಾಮಾಣಿಕ ಕಳುಹಿಸುಗನಿಗೆ ಅವನ ಸರ್ವರ್‌ನಿಂದಲೇ 'ತಲುಪಿಲ್ಲ' ಎಂಬ ಸೂಚನೆ ಹೋಗುತ್ತದೆ. ಒಳಗೆ ತೆಗೆದುಕೊಂಡು ಎಸೆದರೆ ಆ ಸೂಚನೆ ಹೋಗದು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಗೂಗಲ್‌ನಂತಹ ಸಾರ್ವಜನಿಕ ಡಿಎನ್‌ಎಸ್ ಮೂಲಕ ಕೇಳಿದರೆ ಸ್ಪ್ಯಾಮ್‌ಹೌಸ್‌ನ ಉಚಿತ ಪಟ್ಟಿಯಿಂದ ಸರಿಯಾದ ಉತ್ತರ ಸಿಗುವುದಿಲ್ಲ. ಫಿಲ್ಟರ್ ಇದ್ದೂ ಕೆಲಸ ಮಾಡದಿರಲು ಇದೂ ಒಂದು ಕಾರಣ. ಸರ್ವರ್‌ನಲ್ಲಿ ತನ್ನದೇ ಡಿಎನ್‌ಎಸ್ ವ್ಯವಸ್ಥೆ ಇರುವುದು ಲೇಸು.

ಕನ್ನಡವನ್ನೂ ಕಲಿಸಬೇಕು

ಬಾಗಿಲು ದಾಟಿ ಬಂದ ಪತ್ರಗಳಿಗೆ ಸ್ಪ್ಯಾಮ್‌ಅಸ್ಯಾಸಿನ್ ಎಂಬ ಉಚಿತ ತಂತ್ರಾಂಶ ಅಂಕ ನೀಡುತ್ತದೆ. ಬದಲಾಯಿಸದಿದ್ದರೆ 5 ಅಂಕ ತಲುಪಿದ್ದು ಸ್ಪ್ಯಾಮ್. ಅಂತಹ ಪತ್ರಗಳನ್ನು ಪ್ರತ್ಯೇಕ ಫೋಲ್ಡರಿಗೆ ಹಾಕಿಸಿ, ಅಂಕ ತೀರಾ ಹೆಚ್ಚಿದ್ದರೆ ಮಾತ್ರ ಬಾಗಿಲಲ್ಲೇ ನಿರಾಕರಿಸುವುದು ಕ್ಷೇಮ.

ಇದರಲ್ಲಿ 18ನೇ ಶತಮಾನದ ಗಣಿತಜ್ಞ ಥಾಮಸ್ ಬೇಯ್ಸ್ ಹೆಸರಿನ ಕಲಿಕಾ ವಿಧಾನವೂ ಇದೆ. 2002ರಲ್ಲಿ ಪಾಲ್ ಗ್ರಹಾಂ ಬರೆದ ಲೇಖನದಿಂದ ಸ್ಪ್ಯಾಮ್ ತಡೆಗೆ ಈ ವಿಧಾನ ಜನಪ್ರಿಯವಾಯಿತು. ಯಾವ ಪದ ಸ್ಪ್ಯಾಮ್‌ನಲ್ಲಿ ಹೆಚ್ಚು, ಯಾವುದು ಒಳ್ಳೆಯ ಪತ್ರದಲ್ಲಿ ಹೆಚ್ಚು ಎಂಬುದನ್ನು ಇದು ಲೆಕ್ಕ ಹಾಕುತ್ತದೆ. ಕನಿಷ್ಠ 200 ಸ್ಪ್ಯಾಮ್, 200 ಒಳ್ಳೆಯ ಪತ್ರಗಳನ್ನು ಕಲಿಸಿದ ಮೇಲಷ್ಟೇ ಇದರ ತೀರ್ಪು ಶುರು. ಇಂಗ್ಲಿಷ್ ಪತ್ರಗಳನ್ನಷ್ಟೇ ಕಲಿಸಿದರೆ ಕನ್ನಡ ಪದಗಳ ಪರಿಚಯ ಅದಕ್ಕಾಗದು. ಸದಸ್ಯರ ಕನ್ನಡ ಪತ್ರಗಳನ್ನೂ 'ಒಳ್ಳೆಯವು' ಎಂದು ಕಲಿಸುವುದು ಹೊರನಾಡಿನ ಸಂಘಗಳಿಗೆ ಅತ್ಯಗತ್ಯ.

ಸ್ಪ್ಯಾಮ್ ಫೋಲ್ಡರ್ ನೋಡುವ ಹೊಣೆಯನ್ನು ಪದಾಧಿಕಾರಿಯೊಬ್ಬರಿಗೆ ವಹಿಸಿ, ವಾರಕ್ಕೆರಡು ಬಾರಿಯಾದರೂ ಪರಿಶೀಲಿಸುವಂತಾಗಬೇಕು. ವಿದ್ಯಾರ್ಥಿವೇತನಕ್ಕೆ ಅರ್ಜಿ ಆಹ್ವಾನಿಸಿದ ದಿನಗಳಲ್ಲಂತೂ ದಿನವೂ ನೋಡಬೇಕು. ತಪ್ಪಾಗಿ ಸಿಕ್ಕಿಬಿದ್ದ ಪತ್ರವನ್ನು ಹೊರತೆಗೆದು ಮತ್ತೆ ಕಲಿಸಿದರೆ ಫಿಲ್ಟರ್ ಸುಧಾರಿಸುತ್ತದೆ. ಅರ್ಜಿ ತಲುಪಿದೆ ಎಂದು ಒಂದು ಸಾಲಿನ ಉತ್ತರ ಬರೆಯುವ ಪದ್ಧತಿ ಇಟ್ಟುಕೊಂಡರೆ, ಉತ್ತರ ಸಿಗದ ವಿದ್ಯಾರ್ಥಿ ಕೊನೆಯ ದಿನಾಂಕಕ್ಕೆ ಮೊದಲೇ ಫೋನ್ ಮಾಡಿ ವಿಚಾರಿಸಿಯಾನು.