ದತ್ತಾಂಶ ಸಮೂಹದಲ್ಲಿ ಸಂಗ್ರಹ ಸಾಮರ್ಥ್ಯದ ಲೆಕ್ಕ: ಒಂದು ವಿವೇಚನೆ

ಹಸ್ತಪ್ರತಿಗಳ ಛಾಯಾಪ್ರತಿಗಳು, ಶಾಸನಪಾಠಗಳು, ಕ್ಷೇತ್ರಕಾರ್ಯದ ಧ್ವನಿಮುದ್ರಣಗಳು ಗಣಕಕ್ಕೆ ಸೇರತೊಡಗಿದ ಮೇಲೆ ಸಂಗ್ರಹ ಸಾಮರ್ಥ್ಯದ ಪ್ರಶ್ನೆ ಭಾಷಾಧ್ಯಯನಕ್ಕೆ ಹೊರಗಿನದಾಗಿ ಉಳಿದಿಲ್ಲ. ಇಂತಹ ಸಾಮಗ್ರಿಯನ್ನು ಬಾಡಿಗೆಯ ಗಣಕಗಳ ಸಮೂಹದಲ್ಲಿ, ಅಂದರೆ ಕ್ಲೌಡ್ ಕ್ಲಸ್ಟರಿನಲ್ಲಿ ಇರಿಸಿದಾಗ, ಹಣ ತೆತ್ತು ಪಡೆದ ಸ್ಥಳಕ್ಕೂ ಬಳಕೆಗೆ ದೊರೆಯುವ ಸ್ಥಳಕ್ಕೂ ತಾಳೆಯಾಗದಿರುವುದು ಸಾಮಾನ್ಯ ತೊಡಕು. ಸ್ಥಳ ಸಾಲದೆಂದು ಕಡತಗಳನ್ನು ಅಳಿಸಲು ತೊಡಗುವುದು ಆಗ ಸಹಜವಾದರೂ ಅಪಾಯಕರ. ಕೊರತೆ ಯಾವ ಸ್ತರದಲ್ಲಿದೆ ಎಂಬುದನ್ನು ಮೊದಲು ಗುರುತಿಸುವ ಕ್ರಮವನ್ನು ಹಡೂಪ್ ವ್ಯವಸ್ಥೆಯ ಆಧಾರದಿಂದ ಇಲ್ಲಿ ವಿವರಿಸಲಾಗಿದೆ.

1. ಪ್ರತಿಗಳ ಲೆಕ್ಕ

ಗೂಗಲ್ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಕಡತವ್ಯವಸ್ಥೆಯ ಪ್ರಬಂಧದಿಂದ ಪ್ರೇರಣೆ ಪಡೆದ ಹಡೂಪ್, 2006ರಲ್ಲಿ ಸ್ವತಂತ್ರ ಯೋಜನೆಯಾಯಿತು. ಇದು ದೊಡ್ಡ ಕಡತವನ್ನು ಸಾಮಾನ್ಯವಾಗಿ 128 ಮೆಗಾಬೈಟುಗಳ ಖಂಡಗಳಾಗಿ ಒಡೆದು, ಪ್ರತಿಯೊಂದು ಖಂಡದ 3 ಪ್ರತಿಗಳನ್ನು ಬೇರೆ ಬೇರೆ ಗಣಕಗಳಲ್ಲಿ ಇರಿಸುತ್ತದೆ. ಯಾವ ಖಂಡ ಎಲ್ಲಿದೆ ಎಂಬ ಲೆಕ್ಕವನ್ನು ನೇಮ್‌ನೋಡ್ ಎಂಬ ಗಣಕ ಇಟ್ಟುಕೊಳ್ಳುತ್ತದೆ. ಆದ್ದರಿಂದ 12 ಟೆರಾಬೈಟ್ ಸ್ಥಳದಲ್ಲಿ ಹಿಡಿಸುವ ಸಾಮಗ್ರಿ ಹೆಚ್ಚೆಂದರೆ 4 ಟೆರಾಬೈಟ್. ‘ಕನ್ನಡ’ ಎಂಬ ಪದದಲ್ಲಿ ಯುನಿಕೋಡಿನ 5 ಸಂಕೇತಗಳಿವೆ. ಯುಟಿಎಫ್-8 ಕ್ರಮದಲ್ಲಿ ಸಂಕೇತಕ್ಕೆ 3 ಬೈಟಿನಂತೆ ಅದಕ್ಕೆ 15 ಬೈಟ್, ಮೂರು ಪ್ರತಿಗಳಿಗೆ 45 ಬೈಟ್ ಬೇಕು.

ಒಂದು ಪ್ರತಿ ನಷ್ಟವಾದರೂ ಪಾಠ ಉಳಿಯುವುದೆಂಬ ತತ್ತ್ವ ಗ್ರಂಥಸಂಪಾದಕರಿಗೆ ಹೊಸದಲ್ಲ. ಆದರೆ ಬೇರೆ ಬೇರೆ ಊರುಗಳಲ್ಲಿದ್ದ ಓಲೆಪ್ರತಿಗಳಲ್ಲಿ ಒಂದರ ನಾಶ ಇನ್ನೊಂದನ್ನು ತಾಗುತ್ತಿರಲಿಲ್ಲ. ಇಲ್ಲಿ ಅಳಿಸುವ ಒಂದೇ ಆಜ್ಞೆ ಮೂರು ಪ್ರತಿಗಳಿಗೂ ಅನ್ವಯಿಸುತ್ತದೆ. ಯಂತ್ರದ ವೈಫಲ್ಯದಿಂದ ಕಾಪಾಡುವ ಈ ಪ್ರತಿಗಳು ಮನುಷ್ಯನ ತಪ್ಪಿನಿಂದ ಕಾಪಾಡಲಾರವು.

2. ಕೊರತೆಯ ಸ್ತರಗಳು

ಮೊದಲು ನೇಮ್‌ನೋಡಿನ ವರದಿಯನ್ನೂ ಪ್ರತಿ ಗಣಕದ ಡಿಸ್ಕಿನ ವರದಿಯನ್ನೂ ಹೋಲಿಸಬೇಕು. ಒಟ್ಟು ಸಾಮರ್ಥ್ಯವೇ ಕಡಿಮೆ ಕಂಡರೆ ಎರಡು ಕಾರಣಗಳನ್ನು ಪರಿಶೀಲಿಸಬೇಕು. ಹೊಸ ಡಿಸ್ಕನ್ನು ಜೋಡಿಸಿದ್ದರೂ ಹಡೂಪಿನ ದತ್ತಾಂಶಕೋಶ ಮೂಲ ಡಿಸ್ಕಿನಲ್ಲೇ ಉಳಿದಿರಬಹುದು. ಅಥವಾ ಡಿಸ್ಕನ್ನು 100ರಿಂದ 500 ಗಿಗಾಬೈಟಿಗೆ ಹಿಗ್ಗಿಸಿದ್ದರೂ ಅದರೊಳಗಿನ ವಿಭಾಗವನ್ನೂ ಕಡತವ್ಯವಸ್ಥೆಯನ್ನೂ ವಿಸ್ತರಿಸದೆ ಬಿಟ್ಟಿರಬಹುದು. ಹೊಲವನ್ನು ಕೊಂಡು ಬೇಲಿಯನ್ನು ಹಳೆಯ ಗಡಿಯಲ್ಲೇ ಉಳಿಸಿಕೊಂಡಂತೆ ಇದು.

ಒಟ್ಟು ಸಾಮರ್ಥ್ಯ ಸರಿಯಿದ್ದು ಉಳಿಕೆ ಮಾತ್ರ ಕಡಿಮೆಯಿದ್ದರೆ, ಹಡೂಪಿಗೆ ಸೇರದ ದಿನಚರಿ ಕಡತಗಳು ಸ್ಥಳವನ್ನು ಆಕ್ರಮಿಸಿರುವ ಸಾಧ್ಯತೆಯಿದೆ. ಒಂದೇ ಗಣಕ ತುಂಬಿ ಉಳಿದವು ಖಾಲಿಯಿದ್ದರೆ ಖಂಡಗಳನ್ನು ಸಮವಾಗಿ ಹಂಚುವ ಬ್ಯಾಲೆನ್ಸರನ್ನು ನಡೆಸಬೇಕು. ಅಳಿಸಿದ ಮೇಲೂ ಸ್ಥಳ ಮರಳದಿದ್ದರೆ ಕಡತಗಳು ಕಸದಕೋಶದಲ್ಲೋ ಹಿಂದೆ ತೆಗೆದ ಸ್ನ್ಯಾಪ್‌ಶಾಟಿನಲ್ಲೋ ಉಳಿದಿವೆ ಎಂದು ತಿಳಿಯಬೇಕು. ತಪ್ಪಾಗಿ ಅಳಿಸಿದ್ದನ್ನು ಮರಳಿ ಪಡೆಯುವ ದಾರಿಯೂ ಅದೇ ಆದ್ದರಿಂದ ಅವುಗಳನ್ನು ಅವಸರದಲ್ಲಿ ಬರಿದುಮಾಡುವುದು ಸಲ್ಲದು.

ಚಿಕ್ಕ ಕಡತಗಳ ಸಮಸ್ಯೆ ಬೇರೆ. 1 ಮೆಗಾಬೈಟಿನ ಕಡತ 128 ಮೆಗಾಬೈಟ್ ಸ್ಥಳವನ್ನು ನುಂಗುತ್ತದೆ ಎಂಬ ನಂಬಿಕೆ ಸರಿಯಲ್ಲ. ಡಿಸ್ಕಿನಲ್ಲಿ ಅದು ತನ್ನ ಗಾತ್ರದಷ್ಟೇ ಸ್ಥಳ ಪಡೆಯುತ್ತದೆ. ಆದರೆ ಪ್ರತಿ ಕಡತಕ್ಕೂ ಪ್ರತಿ ಖಂಡಕ್ಕೂ ನೇಮ್‌ನೋಡಿನ ಸ್ಮೃತಿಯಲ್ಲಿ ಸುಮಾರು 150 ಬೈಟ್ ಬೇಕು. ಗರಿಗೊಂದು ಕಡತದಂತೆ ಲಕ್ಷಾಂತರ ಚಿತ್ರಗಳನ್ನು ತುಂಬಿದರೆ ಡಿಸ್ಕಿಗಿಂತ ಮೊದಲು ಈ ಸ್ಮೃತಿಯೇ ತುಂಬಬಹುದು. ಅವನ್ನು ಗ್ರಂಥವಾರು ಕಟ್ಟುಗಳಾಗಿ ಸೇರಿಸಿಡುವುದು ಉಚಿತ.

3. ಪರಿಹಾರ ಮತ್ತು ಎಚ್ಚರಿಕೆ

2017ರಲ್ಲಿ ಬಂದ ಹಡೂಪ್ 3ನೆಯ ಆವೃತ್ತಿ, 6 ಭಾಗ ದತ್ತಾಂಶಕ್ಕೆ 3 ಭಾಗ ಪೂರಕ ಸಂಕೇತಗಳನ್ನು ಸೇರಿಸುವ ಕ್ರಮವನ್ನು ಒದಗಿಸಿತು. ಇದರಿಂದ ಮೂರು ಪಟ್ಟಿನ ಬದಲು ಒಂದೂವರೆ ಪಟ್ಟು ಸ್ಥಳ ಸಾಕಾಗುತ್ತದೆ. ಅಪರೂಪವಾಗಿ ನೋಡುವ ಸಾಮಗ್ರಿಗೆ ಇದು ಯೋಗ್ಯ. ಬಾಡಿಗೆ ಗಣಕಗಳ ತಾತ್ಕಾಲಿಕ ಡಿಸ್ಕುಗಳಲ್ಲಿರುವುದು ಗಣಕವನ್ನು ನಿಲ್ಲಿಸಿದೊಡನೆ ಇಲ್ಲವಾಗುತ್ತದೆ ಎಂಬುದನ್ನೂ ಮರೆಯುವಂತಿಲ್ಲ. ಧ್ವನಿಮುದ್ರಣದಲ್ಲಿ ಹಾಡಿದ ಕಲಾವಿದರು ಇಂದು ಇಲ್ಲದಿರಬಹುದು, ಛಾಯಾಪ್ರತಿಯ ಮೂಲ ಓಲೆ ಹುಡಿಯಾಗಿರಬಹುದು. ಆದ್ದರಿಂದ ಸಮೂಹದ ಹೊರಗೆ ಪ್ರತ್ಯೇಕ ಪ್ರತಿಯೊಂದು ಇರುವುದನ್ನು ತೆರೆದು ನೋಡಿ ಖಚಿತಪಡಿಸಿಕೊಂಡ ಬಳಿಕವೇ ಅಳಿಸುವ ಆಜ್ಞೆಯನ್ನು ನೀಡಬೇಕು.