ಪೀಣ್ಯದ ಹೊಟ್ಟು, ದೀಪಾವಳಿಯ ಮೇಣ

ದೀಪಾವಳಿ ಮುಗಿದ ವಾರ ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟುಗಳ ಕಸದ ಕೋಣೆಯಲ್ಲಿ ಅರ್ಧ ಉರಿದು ಆರಿದ ಮೇಣದ ಹಣತೆಗಳು ರಾಶಿ ಬಿದ್ದಿರುತ್ತವೆ. ಎಣ್ಣೆ ಬತ್ತಿಯ ರಗಳೆ ಬೇಡವೆಂದು ಕೊಂಡ ರೆಡಿಮೇಡ್ ದೀಪಗಳವು. ಬತ್ತಿ ಸುಟ್ಟುಹೋದರೂ ತಳದಲ್ಲಿ ಮೇಣ ಉಳಿದಿರುತ್ತದೆ. ನಗರದ ಇನ್ನೊಂದು ತುದಿಯ ಪೀಣ್ಯದಲ್ಲಿ, ಯಂತ್ರ ಸಾಗಿಸಲು ಮರದ ಪೆಟ್ಟಿಗೆ ಹೊಡೆಯುವ ಶೆಡ್ಡುಗಳಲ್ಲಿ, ಗರಗಸದ ಕೆಳಗೆ ಹೊಟ್ಟು ಗುಡ್ಡೆ ಬೀಳುತ್ತದೆ. ಇವೆರಡನ್ನೂ ಮೊಟ್ಟೆಯ ರಟ್ಟಿನ ಟ್ರೇಯಲ್ಲಿ ಕೂಡಿಸಿದರೆ ಇದ್ದಿಲು, ಸೌದೆ ಹೊತ್ತಿಸುವ ಫೈರ್ ಲೈಟರ್ ಆಗುತ್ತದೆ. ಕರ್ಪೂರದ ಬಿಲ್ಲೆ ಎನ್ನುವ ಹಾಗೆ ಇದನ್ನು ಮೇಣದ ಬಿಲ್ಲೆ ಎನ್ನೋಣ.

ಇಂಥದ್ದೊಂದು ಬೇಕಾಗಿರುವುದು ಈಚೆಗೆ. 1978ರಲ್ಲಿ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗ ಅವರು ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿದ ಕಾಲಕ್ಕೆ, ಆಸುಪಾಸಿನ ಹಳ್ಳಿಗಳಲ್ಲಿ ಬಚ್ಚಲ ಹಂಡೆಯ ಒಲೆಗೆ ಒಣಗಿದ ತೆಂಗಿನ ಗರಿ, ಮಟ್ಟೆ, ಒಂದಿಷ್ಟು ಪುಳ್ಳೆ ಇದ್ದರೆ ಆಯಿತು. ಈಗ ಆ ತೋಟಗಳ ಜಾಗದಲ್ಲಿ ಎದ್ದಿರುವ ಕಟ್ಟಡಗಳ ತಾರಸಿಯಲ್ಲಿ, ಡಿಸೆಂಬರಿನ ಶನಿವಾರ ರಾತ್ರಿ ಬಾರ್ಬೆಕ್ಯೂ. ಗರಿ ಎಲ್ಲಿಂದ ತರುವುದು? ಇದ್ದಿಲು ಹೊತ್ತಿಕೊಳ್ಳಲಿಲ್ಲವೆಂದು ಬೇಸತ್ತವರು ಬೈಕಿನ ಪೆಟ್ರೋಲು ಸುರಿಯುವುದುಂಟು. ಪೆಟ್ರೋಲು ಬೆಂಗಳೂರಿನ ಎಂಥ ಚಳಿಯಲ್ಲೂ ಆವಿ ಬಿಡುತ್ತದೆ. 1884ರ ಜನವರಿ 13ರಂದು ದಾಖಲಾದ 7.8 ಡಿಗ್ರಿಯೂ ಅದಕ್ಕೆ ಬಿಸಿಲೇ. ಕಡ್ಡಿ ಗೀರುವ ಮೊದಲೇ ಆವಿ ಸುತ್ತ ಹರಡಿರುವುದರಿಂದ ಬೆಂಕಿ ಇದ್ದಿಲಿಗಿಂತ ಮುಂಚೆ ಕೈಗೆ ಬರುತ್ತದೆ. ಮೇಣದ ಬಿಲ್ಲೆ ಹಾಗಲ್ಲ. ಗಟ್ಟಿ ಮೇಣ ತಾನಾಗಿ ಉರಿಯದು. ಕರಗಿ, ಆವಿಯಾಗಿ, ಆಮೇಲೆ ಉರಿಯಬೇಕು. 1848ರಲ್ಲಿ ಮೈಕೆಲ್ ಫ್ಯಾರಡೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮಕ್ಕಳ ಮುಂದೆ ಮೇಣದಬತ್ತಿ ಹಚ್ಚಿ ಉಪನ್ಯಾಸಗಳಲ್ಲಿ ಬಿಡಿಸಿ ಹೇಳಿದ್ದೂ ಇದನ್ನೇ. ಬಿಲ್ಲೆಯಲ್ಲಿ ಹೊಟ್ಟಿನ ಒಂದೊಂದು ಚೂರೂ ಒಂದೊಂದು ಬತ್ತಿ.

ಆದ್ದರಿಂದ ಬಿಲ್ಲೆ ಹೊತ್ತಿಸುವಾಗ ಅಪಾಯ ಕಡಿಮೆ, ಮಾಡುವಾಗ ಹೆಚ್ಚು. ಮೇಣ ಕರಗಲು 50ರಿಂದ 65 ಡಿಗ್ರಿ ಸೆಲ್ಸಿಯಸ್ ಸಾಕು. ಸುಮಾರು 200 ಡಿಗ್ರಿ ಮುಟ್ಟಿದರೆ ಅದರ ಆವಿ ಹೊತ್ತಿಕೊಳ್ಳಬಲ್ಲದು. ನೇರ ಉರಿಯ ಮೇಲಿಟ್ಟ ಪಾತ್ರೆ ಈ ದೂರವನ್ನು ಒಂದು ಫೋನ್ ಕರೆ ಮುಗಿಯುವಷ್ಟರಲ್ಲಿ ಕ್ರಮಿಸಬಹುದು. ಹಾಲಿನ ಹಾಗೆ ಉಕ್ಕಿ ಎಚ್ಚರಿಸುವ ಗುಣ ಮೇಣಕ್ಕಿಲ್ಲ. ಹಾಗಾಗಿ ಪಾತ್ರೆಯೊಳಗೊಂದು ಪಾತ್ರೆ: ದೊಡ್ಡದರಲ್ಲಿ ನೀರು, ತಳದಲ್ಲೊಂದು ಸ್ಟ್ಯಾಂಡು, ಅದರ ಮೇಲೆ ಮೇಣದ ಡಬ್ಬಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಕೆಳಗೆ ನೀರಿರುವವರೆಗೆ ಮೇಣ ಆ ಗೆರೆ ದಾಟದು. ನೀರು ಇಂಗಿತೋ, ಕಾವಲು ಹೋದಂತೆಯೇ. ಗ್ಯಾಸಿಗಿಂತ ಇಂಡಕ್ಷನ್ ಒಲೆ ವಾಸಿ, ಬರಿಯ ಜ್ವಾಲೆ ಇರುವುದಿಲ್ಲ. ಡಬ್ಬಿಯಿಂದ ಹೊಗೆ ಕಂಡರೆ ಕೂಡಲೇ ಒಲೆ ಆರಿಸಬೇಕು.

ತಳದಲ್ಲಿದ್ದು ಕಾಯುವ ಇದೇ ನೀರು ಉರಿಯುವ ಮೇಣದ ಮೇಲೆ ಬಿದ್ದರೆ ಕಥೆಯೇ ಬೇರೆ. ಮೇಣಕ್ಕಿಂತ ಭಾರವಾದ ನೀರು ಕೆಳಗಿಳಿದು, ಆ ಬಿಸಿಗೆ ಒಮ್ಮೆಲೇ ಆವಿಯಾಗಿ, ಸುಮಾರು 1,700 ಪಟ್ಟು ಹಿಗ್ಗಿ, ಉರಿವ ಮೇಣವನ್ನು ಚಾವಣಿಯವರೆಗೆ ಚಿಮ್ಮಿಸುತ್ತದೆ. ಬೆಂಕಿ ಹತ್ತಿದರೆ ಒಲೆ ಆರಿಸಿ, ಪಕ್ಕದಲ್ಲೇ ಇಟ್ಟುಕೊಂಡ ಮುಚ್ಚಳ ಮುಚ್ಚಿ, ಪಾತ್ರೆಯನ್ನು ಅಲುಗಿಸದೆ ತಣಿಯಲು ಬಿಡಬೇಕು. ಸಿಂಕಿನತ್ತ ಎತ್ತಿಕೊಂಡು ಓಡುವುದು ಎಲ್ಲಕ್ಕಿಂತ ಕೆಟ್ಟದ್ದು. ಕಾರಿಡಾರಿನಲ್ಲಿ ತೂಗುಹಾಕಿರುವ ಡ್ರೈ ಪೌಡರ್ ಸಿಲಿಂಡರ್ ಇದಕ್ಕೂ ಆಗುತ್ತದೆ. ಕೈಮೀರಿದರೆ ಎಲ್ಲರೂ ಹೊರಬಂದು 112ಕ್ಕೆ ಕರೆ ಮಾಡುವುದೊಂದೇ ದಾರಿ. ಮೈಮೇಲೆ ಬಿಸಿ ಮೇಣ ಬಿದ್ದರೆ ಮಾತ್ರ ಮತ್ತೆ ನೀರೇ ಮದ್ದು: ನಲ್ಲಿಯ ಕೆಳಗೆ ಇಪ್ಪತ್ತು ನಿಮಿಷ. ಅಂಟಿದ ಮೇಣ ಕೀಳಬಾರದು, ಟೂತ್‌ಪೇಸ್ಟ್ ಬಳಿಯಬಾರದು. ಕೆಲಸಕ್ಕೆ ಕೂರುವಾಗ ಹತ್ತಿ ಬಟ್ಟೆಯೇ ಇರಲಿ, ಜಾರುವ ಸಿಂಥೆಟಿಕ್ ದುಪಟ್ಟಾ ಬೇಡ.

ಹೊಟ್ಟಿನ ಆಯ್ಕೆಯಲ್ಲಿ ಈ ಪ್ರದೇಶಕ್ಕೇ ಸೇರಿದ ತೊಡಕುಗಳಿವೆ. ಹೊಸ ಫ್ಲಾಟುಗಳ ಇಂಟೀರಿಯರ್ ಕೆಲಸದಲ್ಲಿ ಧಾರಾಳವಾಗಿ ಸಿಗುವುದು ಪ್ಲೈವುಡ್, ಎಂಡಿಎಫ್ ಪುಡಿ. ಅದರಲ್ಲಿ ಫಾರ್ಮಾಲ್ಡಿಹೈಡ್ ಅಂಟು ಬೆರೆತಿರುತ್ತದೆ. ಅಡುಗೆಯ ಬೆಂಕಿಗೆ ಸಲ್ಲದು. ಮೆಷಿನ್ ಶಾಪುಗಳಲ್ಲಿ ನೆಲಕ್ಕೆ ಚೆಲ್ಲಿದ ಕಟಿಂಗ್ ಆಯಿಲ್ ಹೀರಲೆಂದು ಹರಡಿ ಗುಡಿಸಿದ ಹೊಟ್ಟಿನಲ್ಲಿ ಎಣ್ಣೆಯ ಜತೆ ಲೋಹದ ಚೂರೂ ಇರುತ್ತದೆ, ಅದನ್ನು ಮುಟ್ಟದಿರುವುದೇ ಒಳ್ಳೆಯದು. ಇನ್ನು ಹೊರದೇಶದಿಂದ ಯಂತ್ರ ಹೊತ್ತು ಬರುವ ಪ್ಯಾಲೆಟ್‌ಗಳು. ಅವುಗಳ ಪಕ್ಕದಲ್ಲಿ ಗೋಧಿ ತೆನೆಯ ಚಿಹ್ನೆಯೊಂದಿಗೆ ಸುಟ್ಟು ಒತ್ತಿದ ಮುದ್ರೆಯಿರುತ್ತದೆ. 2002ರಲ್ಲಿ ಬಂದ ಅಂತರರಾಷ್ಟ್ರೀಯ ನಿಯಮದ ಗುರುತು ಅದು. ‘ಎಚ್‌ಟಿ’ ಎಂದಿದ್ದರೆ ಮರಕ್ಕೆ ಶಾಖ ಕೊಟ್ಟಿದ್ದಾರೆ. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷದ ಹೊಗೆ ಹಾಕಿದ್ದಾರೆ. ಅಂಥದ್ದನ್ನು ಗರಗಸಕ್ಕೂ ಕೊಡಬಾರದು, ಒಲೆಗೂ ಒಡ್ಡಬಾರದು. ಇಷ್ಟೆಲ್ಲ ಜಾಲಾಡುವ ತಾಳ್ಮೆ ಇಲ್ಲದವರಿಗೆ ಬಿಡಿಸಿದ ತೆಂಗಿನ ನಾರು ಇದೆ. ನನ್ನನ್ನು ಕೇಳಿದರೆ ಹೊಟ್ಟಿಗಿಂತ ಅದೇ ಮೇಲು.

ಉಳಿದದ್ದು ಸುಲಭ. ಒಣಗಿಸಿದ ಮೇಣದ ಚೂರುಗಳನ್ನಷ್ಟೇ ಕರಗಿಸಿ, ಹಳೆಯ ಬತ್ತಿ, ಅದರ ತಳದ ತಗಡು ಆರಿಸಿ ತೆಗೆಯುವುದು. ಮಿನುಗುಪುಡಿ ಸವರಿದ ಹಣತೆಗಳನ್ನು ಮೊದಲೇ ಬೇರೆ ಇಡಬೇಕು. ಟ್ರೇ ರಟ್ಟಿನದೇ ಆಗಬೇಕು, ಪ್ಲಾಸ್ಟಿಕ್ ಅಲ್ಲ. ಗುಳಿಯ ಮುಕ್ಕಾಲು ಭಾಗ ಹೊಟ್ಟು ತುಂಬಿ, ಗಿಡಿಯದೆ, ಅದು ಒದ್ದೆಯಾಗುವಷ್ಟು ಮೇಣ ಸುರಿದು ರಾತ್ರಿಯಿಡೀ ಬಿಟ್ಟರೆ ಆಯಿತು. ಬೆಳಿಗ್ಗೆ ಗುಳಿ ಗುಳಿಯಾಗಿ ಕತ್ತರಿಸುವುದು. ಡಬ್ಬಿಯಲ್ಲಿ ಉಳಿದ ಮೇಣವನ್ನು ಹಳೆಯ ಪೇಪರಿನಲ್ಲಿ ಒರೆಸಿದರೆ ಅದೂ ಒಲೆಗೆ ಬರುತ್ತದೆ. ಸಿಂಕಿಗೆ ಸುರಿದರೆ ಪೈಪಿನಲ್ಲಿ ಹೆಪ್ಪುಗಟ್ಟಿ ಪ್ಲಂಬರ್‌ಗೆ ಕರೆ ಹೋಗುತ್ತದೆ.

ಒಂದು ಬಿಲ್ಲೆ ಸುಮಾರು ಹತ್ತು ನಿಮಿಷ ಉರಿಯುತ್ತದೆ. ಅದು ಪೂರ್ತಿ ಉರಿದು ಇದ್ದಿಲಿನ ಮೇಲೆ ಬೂದಿಯ ಬಿಳುಪು ಏರಿದ ಮೇಲೆಯೇ ಪನೀರು, ಕೋಳಿ ಇಡಬೇಕು. ಅವಸರಪಟ್ಟರೆ ಮೇಣದ ಮಸಿ ತಿನ್ನಬೇಕಾದೀತು. ಬಾಲ್ಕನಿಯಲ್ಲಿ ಇದೆಲ್ಲ ಬೇಡ. ಬಯಲಲ್ಲಿ ಹೊತ್ತಿಸಿದ ಅಗ್ಗಿಷ್ಟಿಕೆಯನ್ನು ಚಳಿಯೆಂದು ಕೋಣೆಯೊಳಗೆ ತರುವುದಂತೂ ಖಂಡಿತ ಕೂಡದು: ಕೆಂಡ ಬಿಡುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ.

ಮಿಕ್ಕ ಬಿಲ್ಲೆಗಳನ್ನು ಸ್ಟೀಲ್ ಡಬ್ಬದಲ್ಲಿಟ್ಟು ಒಲೆ, ಯುಪಿಎಸ್ ಬ್ಯಾಟರಿಗಳಿಂದ ದೂರ ಇಡಬೇಕು. 2016ರ ಏಪ್ರಿಲ್‌ನಲ್ಲಿ ಬೆಂಗಳೂರು 39.2 ಡಿಗ್ರಿ ಕಂಡಿದೆ. ಆ ಸೆಕೆಗೆ ಮೇಣ ಕರಗುವುದಿಲ್ಲ, ಆದರೆ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ನಡುವೆ ಒಂದೊಂದು ಪದರ ಪೇಪರ್ ಹಾಕಿಟ್ಟರೆ ಮುಂದಿನ ಡಿಸೆಂಬರಿಗೂ ಬಿಡಿಬಿಡಿಯಾಗಿ ಸಿಗುತ್ತವೆ.