ಮೊಬೈಲ್ ಫೋನಿಗೆ ಇಯರ್‌ಫೋನು ಆರಿಸುವ ವಿಷಯ

ಮನೆಗೆ ಒಂದು ಮೊಬೈಲ್ ಫೋನು ಬಂದರೆ ಅದರ ಬೆನ್ನಿಗೇ ಒಂದು ಇಯರ್‌ಫೋನು ಬರುವುದು ಈಗಿನ ವಾಡಿಕೆಯಾಗಿದೆ. ೨೦೨೦ನೆಯ ಇಸವಿಯಲ್ಲಿ ಶಾಲೆಗಳು ಮುಚ್ಚಲ್ಪಟ್ಟು, ಪಾಠಗಳು ಫೋನಿನ ಮೂಲಕ ನಡೆಯತೊಡಗಿದಂದಿನಿಂದ ಇದು ಪುಸ್ತಕ ಲೇಖನಿಗಳ ಹಾಗೆ ವಿದ್ಯಾರ್ಥಿನಿಯರ ಸಾಮಗ್ರಿಗಳಲ್ಲಿ ಒಂದಾಗಿ ಸೇರಿಕೊಂಡಿತು. ನಂಜನಗೂಡಿನಲ್ಲಾಗಲಿ ತಿರುಮಕೂಡಲು ನರಸೀಪುರದಲ್ಲಾಗಲಿ ಫೋನಿನ ಅಂಗಡಿಗಳ ಮುಂದೆ ಇವು ತೋರಣದಂತೆ ತೂಗಾಡುವುದನ್ನು ವಾಚಕರೆಲ್ಲರೂ ಕಂಡೇ ಇರುವರು. ಮಗುವಿಗೆ ಯಾವುದನ್ನು ಕೊಡಿಸುವುದು ಒಳ್ಳೆಯದೆಂದು ಪೋಷಕರು ನಮ್ಮನ್ನು ಆಗಾಗ್ಗೆ ಕೇಳುವುದುಂಟು. ಹೊರ ಊರುಗಳಲ್ಲಿ ಕೆಲಸಕ್ಕೆ ಸೇರಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರೂ ಇದನ್ನೇ ಕೇಳುವರು. ಬಿಡಿಬಿಡಿಯಾಗಿ ಹೇಳುತ್ತಿದ್ದ ಉತ್ತರವನ್ನು ಈ ಸಂಚಿಕೆಯಲ್ಲಿ ಒಂದೆಡೆ ಕೂಡಿಸಿ ಹೇಳಲು ಉದ್ದೇಶಿಸಿರುವೆವು.

ಅಂಗಡಿಯವರು ಸಾಮಾನ್ಯವಾಗಿ ಹೊಗಳುವುದು ಎರಡೇ ಗುಣಗಳನ್ನು: ಶಬ್ದವು ಜೋರಾಗಿದೆ ಎಂಬುದು ಒಂದು, ‘ಬಾಸ್’ ಚೆನ್ನಾಗಿದೆ, ಅಂದರೆ ಡೋಲು ನಗಾರಿಗಳಂಥ ತಗ್ಗಿನ ನಾದವು ದಪ್ಪವಾಗಿ ಕೇಳುತ್ತದೆ ಎಂಬುದು ಇನ್ನೊಂದು. ಈ ಎರಡರಲ್ಲಿ ಯಾವುದೂ ನಮಗೆ ಮುಖ್ಯವಲ್ಲ. ಪಾಠ ಕೇಳುವುದಕ್ಕೂ ತಾಯಿತಂದೆಗಳೊಡನೆ ಮಾತನಾಡುವುದಕ್ಕೂ ಬೇಕಾದದ್ದು ಮಾತಿನ ಸ್ಪಷ್ಟತೆ. ಮಾತಿನ ಸ್ಪಷ್ಟತೆಯಾದರೋ ವ್ಯಂಜನಗಳಲ್ಲಿ ಇರುವುದು. ಹಾಲು, ಸಾಲು, ಪಾಲು, ಕಾಲು ಎಂಬ ನಾಲ್ಕು ಮಾತುಗಳನ್ನು ನೋಡಿರಿ. ನಾಲ್ಕರಲ್ಲಿಯೂ ಸ್ವರಗಳು ಒಂದೇ. ಮೊದಲಿನ ವ್ಯಂಜನವೊಂದು ಮಾತ್ರ ಬೇರೆ. ಸ್ವರಗಳ ಬಲವು ಹೆಚ್ಚಾಗಿ ತಗ್ಗಿನ ನಾದಗಳಲ್ಲಿದೆ. ಸಕಾರ ಶಕಾರಗಳಂಥ ವ್ಯಂಜನಗಳು ಮೇಲಿನ, ಅಂದರೆ ಹೆಚ್ಚು ಕಂಪನದ, ನಾದಗಳಲ್ಲಿವೆ, ಮತ್ತು ಬಹು ಕ್ಷೀಣವಾಗಿವೆ. ತಗ್ಗಿನ ನಾದವನ್ನು ಉಬ್ಬಿಸುವ ಇಯರ್‌ಫೋನು ಈ ಕ್ಷೀಣವಾದ ವ್ಯಂಜನಗಳನ್ನು ಮುಚ್ಚಿಬಿಡುವುದು. ಆಗ ಮಗುವು ಶಬ್ದವನ್ನು ಇನ್ನೂ ಏರಿಸುವಳು. ಮಾತು ದೊಡ್ಡದಾಗುವುದೇ ಹೊರತು ಸ್ಪಷ್ಟವಾಗದು.

ಇದರಿಂದ ಆಗುವ ಹಾನಿಯನ್ನು ತಿಳಿಯಬೇಕಾದರೆ ಕಿವಿಯ ರಚನೆಯನ್ನು ಸ್ವಲ್ಪ ಜ್ಞಾಪಿಸಿಕೊಳ್ಳಬೇಕು. ಹೊರಗಿವಿಯಿಂದ ತಮಟೆಯವರೆಗಿನ ನಾಳವು ದೊಡ್ಡವರಲ್ಲಿ ಸುಮಾರು ಎರಡೂವರೆ ಸೆಂಟಿಮೀಟರು ಉದ್ದವಿದ್ದು, ನೆಟ್ಟಗಿರದೆ ಕೊಂಚ ಬಾಗಿರುತ್ತದೆ. ತಮಟೆಯ ಅಲುಗಾಟವನ್ನು ಮೂರು ಸಣ್ಣ ಎಲುಬುಗಳು ಒಳಗಿವಿಗೆ ಸಾಗಿಸುವುವು. ಅಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾದ ಅಂಗದೊಳಗೆ ಸುಮಾರು ಹದಿನೈದು ಸಾವಿರ ಸೂಕ್ಷ್ಮವಾದ ರೋಮಕೋಶಗಳಿವೆ. ಇವೇ ಅಲುಗಾಟವನ್ನು ನರದ ಸಂದೇಶವನ್ನಾಗಿ ಮಾರ್ಪಡಿಸುವುವು. ಮನುಷ್ಯರಲ್ಲಿ ಇವು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಅತಿಯಾದ ಶಬ್ದದಿಂದ ಮೊದಲು ಕೆಡುವುದು ಸೆಕೆಂಡಿಗೆ ನಾಲ್ಕು ಸಾವಿರ ಕಂಪನಗಳ ಆಸುಪಾಸಿನ ನಾದಗಳನ್ನು ಗ್ರಹಿಸುವ ಕೋಶಗಳು. ಹೀಗೆ ಕೆಟ್ಟವರಿಗೆ ಮಾತು ಕೇಳಿಸುವುದು, ಅದರ ವ್ಯಂಜನಗಳು ಮಾತ್ರ ತಿಳಿಯವು. ತರಗತಿಯಲ್ಲಿ ಅಂಥ ಹುಡುಗಿಯನ್ನು ಅಲಕ್ಷ್ಯದವಳೆಂದು ಹಿರಿಯರು ಗದರಿಸುವ ಸಂಭವವುಂಟು. ಆದುದರಿಂದ ಇಯರ್‌ಫೋನನ್ನು ಆರಿಸುವ ಕೆಲಸವು ಬರಿಯ ಅಂಗಡಿಯ ವ್ಯವಹಾರವಲ್ಲ. ಅವಳ ವಿದ್ಯೆಗೂ ಅದಕ್ಕೂ ಸಂಬಂಧವಿದೆ.

ಇನ್ನು ಆರಿಸುವ ಕ್ರಮವನ್ನು ಹೇಳುವೆವು.

ಮೊದಲನೆಯದಾಗಿ ಪರೀಕ್ಷಿಸತಕ್ಕದ್ದು ಕಿವಿಗೆ ಒಪ್ಪುವ ಅಳತೆಯನ್ನು. ಕಿವಿಯ ನಾಳದೊಳಗೆ ಕೂಡುವ ಬಗೆಯ ಇಯರ್‌ಫೋನುಗಳ ತುದಿಗೆ ಮೆತ್ತನೆಯ ರಬ್ಬರಿನ ಟೋಪಿಯೊಂದಿರುತ್ತದೆ. ಒಳ್ಳೆಯ ತಯಾರಕರು ಸಣ್ಣ, ನಡುತರದ, ದೊಡ್ಡ, ಹೀಗೆ ಮೂರು ಅಳತೆಗಳ ಟೋಪಿಗಳನ್ನು ಡಬ್ಬಿಯಲ್ಲಿಟ್ಟು ಕೊಡುವರು. ಒಂದೇ ಅಳತೆಯನ್ನು ಕೊಡುವುದನ್ನು ಕೊಳ್ಳದಿರುವುದು ಮೇಲು. ಹುಡುಗಿಯರಲ್ಲಿ ಅನೇಕರಿಗೆ ಸಣ್ಣ ಅಳತೆಯೇ ಹಿಡಿಸುವುದು. ಕೆಲವರ ಎಡಬಲ ಕಿವಿಗಳಿಗೇ ಬೇರೆ ಬೇರೆ ಅಳತೆಗಳು ಬೇಕಾಗುವುದೂ ಉಂಟು. ತೊಡುವಾಗ ಒಂದು ಕೈಯಿಂದ ಹೊರಗಿವಿಯನ್ನು ಮೇಲಕ್ಕೂ ಹಿಂದಕ್ಕೂ ಮೆಲ್ಲಗೆ ಎಳೆದು, ಇನ್ನೊಂದು ಕೈಯಿಂದ ತುದಿಯನ್ನು ಕೂಡಿಸತಕ್ಕದ್ದು. ಸರಿಯಾಗಿ ಕೂತಿದ್ದರೆ ಹೊರಗಿನ ಗದ್ದಲವು ಕೂಡಲೆ ತಗ್ಗುವುದು. ಸಂದಿ ಉಳಿದರೆ ನಾದವು ತೆಳುವಾಗಿ, ತಗಡಿನಂತೆ ಕೇಳುವುದು. ಬಿಗಿಯಾಗಿ ನೋವಾದರೆ ಆ ಅಳತೆಯು ತಕ್ಕದ್ದಲ್ಲ.

ಈ ಅಳತೆಗೆ ನಾವು ಇಷ್ಟು ಮಹತ್ವ ಕೊಡಲು ಕಾರಣವಿದೆ. ನಂಜನಗೂಡಿನಿಂದ ಮೈಸೂರಿಗೆ, ಮೈಸೂರಿನಿಂದ ನರಸೀಪುರದ ಮೇಲೆ ಕೊಳ್ಳೇಗಾಲಕ್ಕೆ ಹೋಗುವುದು ಒಂದೇ ರಾಷ್ಟ್ರೀಯ ಹೆದ್ದಾರಿ, ೭೬೬ನೆಯದು. ಈ ದಾರಿಯ ಬಸ್ಸುಗಳಲ್ಲಿ ದಿನವೂ ಕಾಲೇಜಿಗೂ ಕೆಲಸಕ್ಕೂ ಹೋಗಿಬರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಬಹು ಮಂದಿ. ಎಂಜಿನಿನ ಮೊರೆತ, ಕಿಟಕಿಗಳ ಕಟಕಟ ಸದ್ದು, ಹಾರನ್ನು, ಇವುಗಳ ನಡುವೆ ಸಡಿಲವಾದ ಇಯರ್‌ಫೋನನ್ನು ತೊಟ್ಟವರು ಗದ್ದಲವನ್ನು ಮೀರಿಸುವುದಕ್ಕಾಗಿ ಶಬ್ದವನ್ನು ಕಡೆಯವರೆಗೂ ಏರಿಸುವರು. ಚೆನ್ನಾಗಿ ಒಪ್ಪುವ ಟೋಪಿಯುಳ್ಳವರಿಗೆ ಅರ್ಧ ಶಬ್ದವೇ ಸಾಕಾಗುವುದು.

ಎರಡನೆಯದಾಗಿ ಮಾತಿನ ಪರೀಕ್ಷೆ. ಹಾಡನ್ನು ಹಾಕಿ ನೋಡಿ ಕೊಳ್ಳುವುದು ಎಲ್ಲರ ಪದ್ಧತಿ. ನಾವು ಸೂಚಿಸುವುದು ಶಾಲೆಯ ಹಳೆಯ ಉಪಾಯವಾದ ಉಕ್ತಲೇಖನವನ್ನು. ಮನೆಯವರೊಬ್ಬರು ಬೇರೊಂದು ಕಡೆಯಿಂದ ಫೋನು ಮಾಡಿ, ಮೇಲೆ ಹೇಳಿದ ಹಾಲು ಸಾಲುಗಳಂಥ ಇಪ್ಪತ್ತು ಮಾತುಗಳನ್ನು ಕ್ರಮ ತಪ್ಪಿಸಿ ಹೇಳಲಿ. ಹುಡುಗಿಯು ಅವನ್ನು ಬರೆಯಲಿ. ಶಬ್ದವು ಅರ್ಧಕ್ಕಿಂತ ಮೇಲಿರಕೂಡದು. ತಪ್ಪುಗಳು ಕಡಮೆಯಾದ ಇಯರ್‌ಫೋನೇ ಪಾಠಕ್ಕೆ ಯೋಗ್ಯವಾದದ್ದು. ಬಳಿಕ ಸರದಿಯನ್ನು ಬದಲಿಸಿ, ಹುಡುಗಿಯು ಹೇಳಿದ್ದನ್ನು ಆ ಕಡೆಯವರು ಬರೆಯಲಿ. ಇದರಿಂದ ಮೈಕಿನ ಯೋಗ್ಯತೆಯೂ ಗೊತ್ತಾಗುವುದು.

ಮೂರನೆಯದು ಈ ಮೈಕೇ. ತಂತಿಯುಳ್ಳವುಗಳಲ್ಲಿ ಮೈಕು ತಂತಿಯ ನಡುವೆ ಒಂದು ಪುಟ್ಟ ಗುಂಡಿಯ ಪಕ್ಕದಲ್ಲಿ, ಗಲ್ಲದ ಸಮೀಪಕ್ಕೆ ತೂಗುವುದು. ತಂತಿಯಿಲ್ಲದ ಬ್ಲೂಟೂತ್ ಬಗೆಯಲ್ಲಾದರೆ ಅದು ಕಿವಿಯಲ್ಲಿಯೇ ಇರುವುದರಿಂದ ಬಾಯಿಗೆ ದೂರ. ದೂರವು ಇಮ್ಮಡಿಯಾದರೆ ಮೈಕಿಗೆ ತಲುಪುವ ಮಾತಿನ ಬಲವು ಸುಮಾರು ಆರು ಡೆಸಿಬೆಲ್ ಕುಗ್ಗುವುದು. ಫ್ಯಾನಿನ ಸದ್ದು ಮಾತ್ರ ಇದ್ದ ಹಾಗೆಯೇ ಇರುವುದು. ಆದರೂ ತೂಗುವ ಮೈಕಿಗೆ ಒಂದು ಕುಂದುಂಟು. ಸೆರಗು, ದುಪಟ್ಟಾ, ಜಡೆ ಇವು ತಾಗಿದಾಗ ಆ ಕಡೆಯವರಿಗೆ ಕರಕರ ಶಬ್ದವು ಕೇಳುವುದು. ತಂತಿಯನ್ನು ಬಟ್ಟೆಗೆ ಸಿಕ್ಕಿಸುವ ಕ್ಲಿಪ್ಪು ಇದ್ದರೆ ಈ ತೊಂದರೆ ತಪ್ಪುವುದು. ಇನ್ನೊಂದು ಸಂಗತಿ: ಕಿವಿಗಳೆರಡನ್ನೂ ಮುಚ್ಚಿಕೊಂಡಾಗ ನಮ್ಮ ಧ್ವನಿಯೇ ನಮಗೆ ಗುಂಯ್ಗುಟ್ಟುವುದು. ಹೆಚ್ಚು ಹೊತ್ತು ಮಾತನಾಡಬೇಕಾದವರು ಒಂದು ಕಿವಿಯದನ್ನು ತೆಗೆದಿಡುವುದು ಹಿತವು.

ಡಬ್ಬಿಗಳ ಮೇಲಿನ ಎರಡು ಸಂಕೇತಗಳು ಜನರನ್ನು ಬಹಳವಾಗಿ ಮರುಳುಗೊಳಿಸುವುವು. ‘ಎ.ಎನ್.ಸಿ.’ ಎಂಬುದು ತೊಟ್ಟವರ ಕಿವಿಗೆ ಬೀಳುವ ಗದ್ದಲವನ್ನು, ಅದರಲ್ಲಿಯೂ ಎಂಜಿನಿನ ಮೊರೆತದಂಥ ಒಂದೇ ಸಮನಾದ ಸದ್ದನ್ನು, ತಗ್ಗಿಸುವ ಏರ್ಪಾಡು. ‘ಇ.ಎನ್.ಸಿ.’ ಎಂಬುದು ಮೈಕಿಗೆ ಬೀಳುವ ಗದ್ದಲವನ್ನು ಶೋಧಿಸುವುದು. ಇದರ ಪ್ರಯೋಜನವು ಆ ಕಡೆ ಕೇಳುವವರಿಗೆ, ತೊಟ್ಟವರಿಗಲ್ಲ. ಬಸ್ಸಿನ ಗದ್ದಲಕ್ಕೆಂದು ಇ.ಎನ್.ಸಿ. ಎಂದಷ್ಟೇ ಬರೆದಿರುವುದನ್ನು ಕೊಂಡವರು ನಿರಾಶರಾಗುವುದು ನಿಶ್ಚಯ.

ನಾಲ್ಕನೆಯದು ಫೋನಿಗೂ ಇದಕ್ಕೂ ಹೊಂದಿಕೆ. ಉರುಟಾದ ಪಿನ್ನಿನ ಅಡ್ಡಳತೆ ಮೂರೂವರೆ ಮಿಲಿಮೀಟರು. ಅದರ ಮೇಲೆ ಮೂರು ಕಪ್ಪು ಉಂಗುರಗಳಿದ್ದರೆ ಮೈಕು ಉಂಟು. ಎರಡೇ ಇದ್ದರೆ ಅದು ಕೇಳುವುದಕ್ಕೆ ಮಾತ್ರ. ಈಗಿನ ಅನೇಕ ಫೋನುಗಳಲ್ಲಿ ಈ ಉರುಟಾದ ತೂತೇ ಇಲ್ಲ. ೨೦೧೬ರಲ್ಲಿ ಆಪಲ್ ಕಂಪೆನಿಯು ತನ್ನ ಐಫೋನಿನಿಂದ ಇದನ್ನು ತೆಗೆದ ಬಳಿಕ ಇತರ ಅನೇಕರೂ ಆ ದಾರಿಯನ್ನು ಹಿಡಿದರು. ಅಂಥ ಫೋನುಗಳಿಗೆ ಚಾರ್ಜು ಮಾಡುವ ಟೈಪ್-ಸಿ ತೂತಿಗೇ ಹೊಂದುವ ಇಯರ್‌ಫೋನುಗಳಿವೆ. ಆದರೆ ಟೈಪ್-ಸಿ ಇಯರ್‌ಫೋನುಗಳೆಲ್ಲವೂ ಟೈಪ್-ಸಿ ಫೋನುಗಳೆಲ್ಲಕ್ಕೂ ಒಗ್ಗುವುದಿಲ್ಲ. ಮನೆಯ ಫೋನನ್ನು ಅಂಗಡಿಗೆ ಕೊಂಡುಹೋಗಿ ಹಚ್ಚಿ ನೋಡಿಯೇ ಹಣ ಕೊಡತಕ್ಕದ್ದು. ಹಾಗೆಯೇ ಶಬ್ದವನ್ನು ಏರಿಸಿ ಇಳಿಸುವ ಗುಂಡಿಗಳು ಒಂದು ತಯಾರಿಕೆಯ ಫೋನಿನಲ್ಲಿ ನಡೆದು ಇನ್ನೊಂದರಲ್ಲಿ ನಡೆಯದಿರುವುದುಂಟು.

ತಂತಿಯೋ ಬ್ಲೂಟೂತೋ ಎಂಬ ಪ್ರಶ್ನೆಗೆ ನಮ್ಮ ಅಭಿಪ್ರಾಯವು ಇದು: ಶಾಲೆಯ ಹುಡುಗಿಗೆ ತಂತಿಯದೇ ಸಾಕು. ಅದಕ್ಕೆ ಚಾರ್ಜಿನ ಹಂಗಿಲ್ಲ, ಒಂದು ಕಿವಿಯದು ಕಳೆದುಹೋಗುವ ಭಯವಿಲ್ಲ, ಬೆಲೆಯೂ ಸಾಮಾನ್ಯವಾಗಿ ಕಡಮೆ. ಬ್ಲೂಟೂತಿನಲ್ಲಿ ಮೈಕನ್ನು ಬಳಸತೊಡಗಿದೊಡನೆ ಕೇಳುವ ನಾದವು ಎಷ್ಟೋ ವೇಳೆ ಮಂಕಾಗುವುದು. ಮಾತು ಎರಡು ಕಡೆಗೂ ಹರಿಯಬೇಕಾದಾಗ ಅದು ಬೇರೆ, ಇಕ್ಕಟ್ಟಾದ ದಾರಿಯನ್ನು ಹಿಡಿಯುವುದೇ ಇದಕ್ಕೆ ಕಾರಣ. ಅಡಿಗೆಯನ್ನೋ ಮನೆಗೆಲಸವನ್ನೋ ಮಾಡುತ್ತ ಮಾತನಾಡಬೇಕಾದ ಗೃಹಿಣಿಯರಿಗೆ ತಂತಿಯಿಲ್ಲದ್ದು ಅನುಕೂಲವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಅದನ್ನು ಕೊಳ್ಳುವವರು ಭಾರತೀಯ ಮಾನಕ ಬ್ಯೂರೋದ ಗುರುತೂ ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯೂ ಇರುವುವೋ ಎಂದು ನೋಡತಕ್ಕದ್ದು. ಯಾವ ಬಗೆಯದೇ ಆಗಲಿ, ತಯಾರಕರ ಹೆಸರು ವಿಳಾಸ, ತಯಾರಾದ ದೇಶ, ಗರಿಷ್ಠ ಬೆಲೆ ಇವು ಡಬ್ಬಿಯ ಮೇಲೆ ಅಚ್ಚಾಗಿರಬೇಕು. ರಸೀದಿಯನ್ನು ಕೇಳಿ ಪಡೆಯಬೇಕು.

ಹೀಗೆ ಆರಿಸಿ ತಂದ ಮೇಲೆ ಬಳಸುವ ಮಿತಿಯನ್ನು ಕಲಿಸುವುದು ಉಳಿಯುವುದು. ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವೂ ೨೦೧೮ರಲ್ಲಿ ಕೂಡಿ ಗೊತ್ತುಪಡಿಸಿದ ಮೇರೆಗೆ, ದೊಡ್ಡವರು ೮೦ ಡೆಸಿಬೆಲ್ ಶಬ್ದವನ್ನು ವಾರಕ್ಕೆ ೪೦ ಗಂಟೆಗಳ ಕಾಲ ಕೇಳಬಹುದು. ಮಕ್ಕಳಿಗೆ ಅಷ್ಟೇ ಗಂಟೆಗಳಿಗೆ ೭೫ ಡೆಸಿಬೆಲ್ ಮಿತಿ. ಇಲ್ಲಿನ ಲೆಕ್ಕವು ಸಾಧಾರಣ ಗುಣಾಕಾರದಂತಲ್ಲ. ಪ್ರತಿ ಮೂರು ಡೆಸಿಬೆಲ್ ಏರಿದಂತೆ ಕಾಲವು ಅರ್ಧಕ್ಕೆ ಇಳಿಯುವುದು. ದೊಡ್ಡವರ ಲೆಕ್ಕದಲ್ಲಿಯೇ ೯೦ ಡೆಸಿಬೆಲ್ಲಿಗೆ ವಾರಕ್ಕೆ ನಾಲ್ಕು ಗಂಟೆ, ೧೦೦ಕ್ಕೆ ಇಪ್ಪತ್ತು ನಿಮಿಷ ಮಾತ್ರ. ಮನೆಯಲ್ಲಿ ಅಳೆಯುವ ಸಾಧನವಿಲ್ಲದವರು ಫೋನಿನ ಪೂರ್ಣ ಶಬ್ದದಲ್ಲಿ ನೂರಕ್ಕೆ ಅರುವತ್ತನ್ನು ಮೀರದಿರುವುದನ್ನು ನಿಯಮವಾಗಿ ಇಟ್ಟುಕೊಳ್ಳಲಿ. ಅನೇಕ ಫೋನುಗಳಲ್ಲಿ ಈ ಮಿತಿಯನ್ನು ಮುಂಚೆಯೇ ಕಟ್ಟಿಹಾಕುವ ಏರ್ಪಾಡೂ ಉಂಟು.

ಪೋಷಕರು ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ೧೯೩೫ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಪ್ರಾಧ್ಯಾಪಕರಾದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಆರಂಭಿಸಿದ ಬಳಿಕ, ರೇಡಿಯೋ ಬಂದ ಮನೆಗಳಲ್ಲಿ ಧ್ವನಿಯು ಹಜಾರದಲ್ಲಿ ಎಲ್ಲರಿಗೂ ಕೇಳುತ್ತಿತ್ತು. ಜೋರಾದರೆ ಅಜ್ಜಿಯೋ ಚಿಕ್ಕಪ್ಪನೋ ತಗ್ಗಿಸೆಂದು ಹೇಳುತ್ತಿದ್ದರು. ಇಯರ್‌ಫೋನಿನಲ್ಲಿ ಧ್ವನಿಯು ಒಬ್ಬಳ ಕಿವಿಗೆ ಮಾತ್ರ ಸೇರಿರುವುದರಿಂದ ಪಕ್ಕದಲ್ಲಿಯೇ ಕುಳಿತ ತಾಯಿಗೂ ಅದರ ಪ್ರಮಾಣವು ತಿಳಿಯದು. ತಗ್ಗಿಸೆನ್ನುವ ಹಿರಿಯರ ಕೆಲಸವನ್ನು ಮಗುವು ತಾನೇ ವಹಿಸಿಕೊಳ್ಳುವಂತೆ ಕಲಿಸಬೇಕಾಗಿದೆ. ಕೈಯಳತೆಯ ದೂರದಲ್ಲಿ ನಿಂತು ಸಹಜ ಧ್ವನಿಯಲ್ಲಿ ಕರೆದರೆ ಅವಳಿಗೆ ಕೇಳದಿದ್ದಲ್ಲಿ ಶಬ್ದವನ್ನು ಇಳಿಸಲು ಹೇಳಿರಿ.

ರಸ್ತೆಯಲ್ಲಿ ನಡೆಯುವಾಗಲೂ, ನಂಜನಗೂಡಿನ ರೈಲು ಹಳಿಗಳನ್ನು ದಾಟುವಾಗಲೂ, ಸ್ಕೂಟರು ಓಡಿಸುವಾಗಲೂ ಎರಡು ಕಿವಿಗಳಿಂದಲೂ ಇದನ್ನು ತೆಗೆದಿಡತಕ್ಕದ್ದು. ಗದ್ದಲವನ್ನು ತಡೆಯುವ ಗುಣವೇ ಅಲ್ಲಿ ಪ್ರಾಣಕ್ಕೆ ಅಪಾಯಕರ. ಅಕ್ಕತಂಗಿಯರೂ ಗೆಳತಿಯರೂ ಒಂದನ್ನೇ ಹಂಚಿಕೊಳ್ಳಕೂಡದು. ರಬ್ಬರಿನ ಟೋಪಿಗಳನ್ನು ಬಿಚ್ಚಿ ಸಾಬೂನಿನ ನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ ತೊಡಿಸಬೇಕು. ಕಿವಿ ಸೋರುತ್ತಿರುವಾಗ ಇದನ್ನು ಮುಟ್ಟಲೇ ಬಾರದು.

ಕಿವಿಯಲ್ಲಿ ಗುಂಯ್ಯೆನ್ನುವ ನಾದವು ನಿಲ್ಲದಿದ್ದರೆ, ಅಥವಾ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಿಸಿಕೊಳ್ಳುವ ಅಭ್ಯಾಸವು ಹೊಸದಾಗಿ ಕಂಡುಬಂದರೆ ತಡಮಾಡಬಾರದು. ಈ ವಿಷಯದಲ್ಲಿ ನಮ್ಮ ಜಿಲ್ಲೆಯವರು ಭಾಗ್ಯಶಾಲಿಗಳು. ೧೯೬೫ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಮೈಸೂರಿನ ಮಾನಸಗಂಗೋತ್ರಿಯಲ್ಲಿಯೇ ಇದೆ. ದೂರದ ರಾಜ್ಯಗಳವರು ಅದನ್ನು ಹುಡುಕಿಕೊಂಡು ಬರುವಾಗ ನಾವು ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ಶ್ರವಣಪರೀಕ್ಷೆಯನ್ನು ಮಾಡಿಸಿಕೊಂಡು ಸಂಜೆಗೆ ಮನೆಗೆ ಮರಳಬಹುದು.

ಆದಕಾರಣ ಪೋಷಕರಲ್ಲಿ ನಮ್ಮ ವಿಜ್ಞಾಪನೆಯು ಇಷ್ಟೇ. ಮಗಳಿಗೆ ಇಯರ್‌ಫೋನು ಕೊಡಿಸುವ ದಿನ ಅವಳನ್ನೂ ಮನೆಯ ಫೋನನ್ನೂ ಜೊತೆಗೆ ಕರೆದೊಯ್ಯಿರಿ. ಮೂರು ಅಳತೆಯ ಟೋಪಿಗಳನ್ನು ಕೇಳಿರಿ. ಕೊಂಡ ದಿನವೇ ಉಕ್ತಲೇಖನದ ಪರೀಕ್ಷೆ ನಡೆಸಿ, ಸರಿಬಾರದಿದ್ದರೆ ರಸೀದಿಯೊಡನೆ ಹಿಂದಕ್ಕೆ ಕೊಟ್ಟು ಬದಲಿ ಕೇಳಿರಿ. ಹಾಲನ್ನು ಹಾಲೆಂದೂ ಸಾಲನ್ನು ಸಾಲೆಂದೂ ಮೆಲುದನಿಯಲ್ಲಿ ಕೇಳಿಸುವುದೇ ಒಳ್ಳೆಯ ಇಯರ್‌ಫೋನು.